ಡೊಮಿತ್ಸೆಲೆಯ ನಾಲಿಗೆ

ನಮ್ಮ ಪೈನ್ ಕಾಡಿನ ಊರಲ್ಲಿ ಅಣಬೆ ಕೀಳದವರಿಲ್ಲ. ಆದರೂ ಸಂಶಯ ಬಂದರೆ ಎಲ್ಲರೂ ಬುಟ್ಟಿ ಹಿಡಿದು ಬರುತ್ತಿದ್ದುದು ನನ್ನ ಪಕ್ಕದ ಮನೆಯ ಡೊಮಿತ್ಸೆಲೆಯ ಹತ್ತಿರವೇ. ತಿನ್ನುವ ಬರಾವಿಕಾಸ್ ಅಣಬೆ ಗುರುತಿಸುವುದೇನು ಮಹಾ ಎಂದವರು ಅವಳಿಂದ ಬೈಗುಳ ತಿನ್ನುತ್ತಿದ್ದರು. ಕಂದು ಟೋಪಿ, ದಪ್ಪ ಕಾಂಡ, ಟೋಪಿಯ ಅಡಿಯಲ್ಲಿ ಸ್ಪಂಜು, ಇವೆಲ್ಲ ಕಹಿ ಅಣಬೆಗೂ ಇವೆ. ಒಳ್ಳೆಯದರ ಕಾಂಡದ ಮೇಲೆ ಬಲೆಯಂಥ ಬಿಳಿ ಗೆರೆ, ಕಹಿಯದರ ಮೇಲೆ ಕಂದು ಗೆರೆ. ಬಲಿತ ಮೇಲೆ ಕಹಿಯದರ ಸ್ಪಂಜು ಗುಲಾಬಿಗೆ ತಿರುಗುತ್ತದೆ. ಎಳೆಯದರಲ್ಲಿ ಎರಡರ ಸ್ಪಂಜೂ ಬಿಳಿಯೇ, ಗೆರೆಯೂ ಸರಿಯಾಗಿ ಕಾಣುವುದಿಲ್ಲ. ಆಗ ಡೊಮಿತ್ಸೆಲೆ ಸ್ಪಂಜಿಗೆ ನಾಲಿಗೆಯ ತುದಿ ತಾಗಿಸಿ ಉಗಿದು, ತೀರ್ಪು ಹೇಳುತ್ತಿದ್ದಳು. ಕಹಿಯದು ಕೊಲ್ಲುವುದಿಲ್ಲ, ಆದರೆ ಒಂದು ಬಿದ್ದರೂ ಇಡೀ ಪಾತ್ರೆ ಹಾಳು.

ಅವಳ ಅಡುಗೆಗೆ ಕೊಂಕು ತೆಗೆಯುವ ಧೈರ್ಯ ಇದ್ದದ್ದು ಅವಳ ತಮ್ಮ ಲ್ಯೂದಾಸನಿಗೆ ಮಾತ್ರ. ಕ್ರಿಸ್‌ಮಸ್ ಹಿಂದಿನ ಸಂಜೆ ಊಟಕ್ಕೆ ಬಂದು, ಒಣ ಅಣಬೆಯ ಸಾರು ಬಾಯಿಗಿಟ್ಟ ಕೂಡಲೇ ಶುರು ಮಾಡುತ್ತಿದ್ದ: "ಅಕ್ಕಾ, ಉಪ್ಪು ಅಂಗಡೀಲೇ ಬಿಟ್ಟು ಬಂದ್ಯಾ?"

ಹೋದ ವರ್ಷ ವಸಂತದಲ್ಲಿ ಅವಳಿಗೆ ಕೆಟ್ಟ ಜ್ವರ ಬಂದು ಹೋಯಿತು. ಸೆಪ್ಟೆಂಬರಿನಲ್ಲಿ ಎಂದಿನಂತೆ ಕಾಡಿಗೆ ಹೋದಳು, ನಾಲಿಗೆಗೆ ತಾಗಿಸಿ ಉಗಿದಳು, ದಾರಕ್ಕೆ ಪೋಣಿಸಿ ಒಲೆಯ ಮೇಲೆ ಒಣಗಿಸಿದಳು.

ಹಬ್ಬದ ಸಂಜೆ ನಾವು ಮೂವರು ಕೂತೆವು. ಡೊಮಿತ್ಸೆಲೆ ವಾಡಿಕೆಯಂತೆ ತೀರಿಹೋದ ಗಂಡ ಬೆನ್ಯುಸನ ಜಾಗದಲ್ಲಿ ಮೇಣದ ಬತ್ತಿ ಹಚ್ಚಿ, ಅವನ ಬಟ್ಟಲಿಗೇ ಮೊದಲು ಸಾರು ಬಡಿಸಿದಳು. ನಾನು ಒಂದು ಚಮಚ ಬಾಯಿಗಿಟ್ಟೆ. ವಿಷದಂಥ ಕಹಿ! ಹೇಳೋಣವೆಂದು ತಲೆ ಎತ್ತಿದರೆ, ಡೊಮಿತ್ಸೆಲೆ ಬಟ್ಟಲಿಗಂಟಿದ್ದನ್ನೂ ರೊಟ್ಟಿಯಲ್ಲಿ ಒರೆಸಿ ತಿನ್ನುತ್ತಿದ್ದಳು. ಆಗ ಅರ್ಥವಾಯಿತು. ಬಾಯಲ್ಲಿದ್ದುದನ್ನು ನುಂಗಿಕೊಂಡೆ.

"ಏನೋ, ಇನ್ನೂ ಬೈದಿಲ್ಲ?" ಎಂದು ತಮ್ಮನನ್ನು ಕೆಣಕಿದಳು.

"ಚೆನ್ನಾಗಿದೆ ಕಣಕ್ಕ. ಇನ್ನೊಂದ್ ಸೌಟು ಹಾಕು."

ಹಾಳಾದವನು! ಉಪ್ಪು ಕಮ್ಮಿ ಅಂದಿದ್ದರೆ ಸಾಕಿತ್ತು.

ಅವಳ ಕೈಯ ಸೌಟು ಅಲ್ಲೇ ನಿಂತಿತು. "ಹುಟ್ಟಿದಾಗಿಂದ ನನ್ನ ಅಡುಗೆ ಹೊಗಳಿದವನಲ್ಲ ನೀನು. ಕಹಿಯಾಗಿದ್ಯಾ?"

ಲ್ಯೂದಾಸ್ ತಲೆ ತಗ್ಗಿಸಿದ.

"ಜ್ವರ ಬಂದಾಗಿಂದ ನಾಲಿಗೆ ಸತ್ತೋಗಿದೆ ಕಣೋ. ಇವತ್ತಲ್ಲ ನಾಳೆ ಸರಿಹೋಗುತ್ತೆ ಅಂದ್ಕೊಂಡೆ. ಹೇಳಿದ್ರೆ ಆಮೇಲೆ ಬುಟ್ಟಿ ಹಿಡ್ಕೊಂಡು ನನ್ನ ಬಾಗಿಲಿಗೆ ಯಾರು ಬರ್ತಾರೆ?"

ಎದ್ದು ಹೋಗಿ ಬೆನ್ಯುಸನ ಬಟ್ಟಲು ತೆಗೆದು ಬಕೆಟ್ಟಿಗೆ ಸುರಿದಳು.

"ನೀವಿಬ್ಬರಾದ್ರೂ ಬೇಡ ಅನ್ನಬಹುದಿತ್ತು," ಎಂದು ಬಿಕ್ಕಿದಳು. "ಅವರಿಗೆ ಬಾಯಿಲ್ಲ. ಅವರಿಗೂ ಇದನ್ನೇ ಬಡಿಸಿಬಿಟ್ಟೆನಲ್ಲ."

ಬಟ್ಟಲು ತೊಳೆದು, ಒರೆಸಿ, ಖಾಲಿಯನ್ನೇ ದೀಪದ ಮುಂದಿಟ್ಟು ಕೂತಳು.