ಕಣ್ಣು ಮುಚ್ಚಿ ಮಾರಿದ ಮೀನು

ಸೊರಬದ ನಮ್ಮ ಬೀದಿಗೆ ಬೈಕಿನಲ್ಲಿ ಮೀನು ತರುತ್ತಿದ್ದವನು ಯಾವಾಗಲೂ "ಮುಖ ನೋಡ್ಬೇಡಿ ಅಕ್ಕಾ, ರುಚಿ ನೋಡಿ" ಎನ್ನುತ್ತಿದ್ದ. ಒಮ್ಮೆ ಆಳಸಮುದ್ರದ ಮೀನು ತಂದ. ಕಪ್ಪು ಮೈ, ಬಲ್ಬಿನಂಥ ಕಣ್ಣು. ಯಾರೂ ಮುಟ್ಟಲಿಲ್ಲ, ಐಸು ಕರಗತೊಡಗಿತು.

"ಡಿಗ್ರಿ ಮಾಡಿದೋರು ನೀವು, ಹೇಳ್ರೀ" ಎಂದು ನನ್ನನ್ನು ಕರೆದ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಪ್ರೋಟೀನು, ಹೃದಯಕ್ಕೆ ಒಳ್ಳೆಯದಾದ ಒಮೆಗಾ ಕೊಬ್ಬು ಎಂದು ಪಾಠವನ್ನೇ ಮಾಡಿದೆ. ಇಬ್ಬರು ಆಕಳಿಸಿದರು.

ಮೀನಿನವನು ತಲೆಗಳನ್ನೆಲ್ಲ ಕತ್ತರಿಸಿಬಿಟ್ಟ.

"ಕಿವಿರು ನೋಡ್ದೆ ಹೆಂಗೋ ಮಾರಾಯ ತಗಳ್ಳಿ?" ಎಂದಳು ಅವ್ವ. ಕಿವಿರು ಎತ್ತಿ ತಾಜಾ ಕೆಂಪು ಕಾಣದೆ ನಮ್ಮಲ್ಲಿ ಯಾರೂ ಮೀನು ಕೊಳ್ಳುವುದಿಲ್ಲ. ಅವನು ಒಂದು ತಲೆಯನ್ನು ಎತ್ತಿ, ಕಣ್ಣನ್ನು ಹೆಬ್ಬೆರಳಿನಿಂದ ಮುಚ್ಚಿ, ಕಿವಿರನ್ನಷ್ಟೇ ತೋರಿಸಿದ. ಬುಟ್ಟಿ ಖಾಲಿಯಾಯಿತು.

ಊಟಕ್ಕೆ ಕೂತ ಅವ್ವ ತಟ್ಟೆ ಮುಂದೆ ಚಾಚಿದಳು: "ಇನ್ನೊಂದು ಒಮೆಗಾ ಹಾಕೇ."