ಹೆಬ್ಬೆಟ್ಟಿನ ಹಾಜರಿ ಪುಸ್ತಕ

ದಳಪತಿಗಳ ಹಣೆಗೆ ಅಡ್ಡವಾಗಿ ಒಂದು ಗೆರೆ ಇತ್ತು. ಖಾಕಿ ಟೋಪಿ ಕೂತು ಕೂತು ಮೇಲೆ ತಿಳಿಬಣ್ಣ, ಕೆಳಗೆ ಬಿಸಿಲಿಗೆ ಸುಟ್ಟ ಕಪ್ಪು. ಸುರಪುರದ ಕಡೆ, ಕೃಷ್ಣೆಯ ದಂಡೆಯ ನಮ್ಮೂರಿನ ಗ್ರಾಮರಕ್ಷಣಾ ದಳಕ್ಕೆ ಅವರೇ ಮುಖ್ಯಸ್ಥರು. ವಾರವೆಲ್ಲ ಹೊಲ, ಬಲೆ, ಕೂಲಿ ಎಂದು ಹೋಗುವವರು ರವಿವಾರ ಮುಂಜಾನೆ ಲಾಠಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು.

"ಹೊಟ್ಟಿ ಒಳಗ ತಗೋರೋ! ಇದು ಫೌಜು, ಮದವಿ ಪಂಕ್ತಿ ಅಲ್ಲ!"

"ಮೊದಲ ನಿಮ್ದು ತಗೋರಿ ಸಾಹೇಬ್ರ," ಎಂದು ಸಾಲಿನಿಂದ ಯಾರೋ ಅಂದರೆ ಅವರೇ ಮೊದಲು ನಗುತ್ತಿದ್ದರು.

ಒಂದು ಮಾತಿಗೆ ಮಾತ್ರ ನಗುವಿರಲಿಲ್ಲ. ಡ್ಯೂಟಿಗೆ ಹೋಗುವಾಗ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು, ಬಂದ ಮೇಲೆ ಪಕ್ಕದಲ್ಲಿ ಇನ್ನೊಂದು. ಹೊಳೆ ಏರಿದ ದಿನವೂ ಕೊಡೆ ಹಿಡಿದು ಒತ್ತಿಸಿಕೊಂಡರು. ನಡುಗಡ್ಡೆಯವರನ್ನು ಕರೆತರಲು ಹೋದ ಒಬ್ಬ ಅಂಬಿಗನ ಎರಡನೇ ಗುರುತು ಬೀಳಲೇ ಇಲ್ಲ.

ಯಾದಗಿರಿ ಆಫೀಸಿನವರು 'ಮೀನಿಗೆ ಹೋಗಿ ಮುಳುಗಿದ' ಎಂದು ಬರೆದರು. ದಳಪತಿಗಳು ರಿಟೈರ್ಡ್ ಟೀಚರ್ ಆದ ನನ್ನ ಬಳಿ ಬಂದರು.

"ದಳದ ಹಿಸ್ಟರಿ ಬರದುಕೊಡ್ರಿ ಟೀಚರಮ್ಮ. ಇಂಗ್ಲಿಷ್‌ನ್ಯಾಗ ಇದ್ದರ ಓದತಾರ. ಡ್ಯೂಟಿ ಮ್ಯಾಲ ಸತ್ತಾನ ಅಂತ ಒಂದು ಕಾಗದ ಕೊಟ್ಟರ ಸಾಕು, ಅವರವ್ವನ ಜೀವಕ್ಕ ಸಮಾಧಾನ."

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದು ನೀಟ್‌ನೆಸ್. ದಳಪತಿಗಳು ಹೇಳಿದ್ದನ್ನೂ ಅವರು ತಂದುಕೊಟ್ಟ ಹಾಜರಿ ಪುಸ್ತಕದಲ್ಲಿದ್ದದ್ದನ್ನೂ ದುಂಡಗೆ ಫೇರ್ ಕಾಪಿ ಮಾಡಿದೆ. ಎಣ್ಣೆ ಹತ್ತಿ ಹುಳ ಹಿಡಿದಿದ್ದ ಹಳೇ ಪುಸ್ತಕವನ್ನು, ರಫ್ ಕಾಪಿ ಇನ್ನೇಕೆಂದು, ಬಚ್ಚಲ ಒಲೆಗೆ ಹಾಕಿದೆ.

ಫೇರ್ ಕಾಪಿ ಹಿಡಿದು ಯಾದಗಿರಿಗೆ ಹೋದ ದಳಪತಿಗಳು ಸಂಜೆ ಬಂದು ಮೆಟ್ಟಿಲ ಮೇಲೆ ಕುಳಿತರು. "ಅಕ್ಷರ ಭಾಳ ಚಂದ ಅದಾವ ಅಂದ್ರು. ಹೆಬ್ಬೆಟ್ಟಿಂದು ತರ್ರಿ ಅಂದಾರ."

ಒಲೆಗೆ ಹಾಕಿದ್ದನ್ನು ನಾನು ಹೇಳಿದೆ. ಅವರು ಟೋಪಿ ತಲೆಗೆ ಹಾಕಿಕೊಂಡು ಎದ್ದರು.

"ಇರ್ಲಿ ಬಿಡ್ರಿ. ನೀವು ಯಾರ ಮುಂದೂ ಅನ್ನಬ್ಯಾಡ್ರಿ."

ಅಂಬಿಗನ ತಾಯಿಗೆ ಅವರೇ ಹೇಳಿದರು: "ನನ್ನ ಕೈಯಾಗ ಕಳೀತವ್ವ." ಮುದುಕಿ ಕವಾಯತಿನ ಸಾಲಿನ ಮುಂದೆಯೇ ಚೀರಿದಳು: "ನನ್ನ ಮಗನ್ನ ಎರಡು ಸರ್ತಿ ಮುಳುಗಿಸಿದೆಲ್ಲೋ!"

ಮರುವಾರ ಸಾಲು ಅರ್ಧವಾಯಿತು. ಕೊನೆಕೊನೆಗೆ ಮೈದಾನದಲ್ಲಿ ಅವರೊಬ್ಬರೇ ನಿಂತು ಮನೆಗೆ ಹೋಗುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಹೆಣ ಆ ಮುದುಕಿಯ ಮನೆಯ ಮುಂದೆಯೇ ಹಾದುಹೋಯಿತು. ಅವಳು ಬಾಗಿಲು ಹಾಕಿಕೊಂಡಳು. ಜನರ ನಡುವೆ ನಡೆಯುತ್ತಿದ್ದ ನಾನು ಬಾಯಿ ಬಿಡಲಿಲ್ಲ.

ಈಗಲೂ ಸಂತೆಗೆ ಹೋಗುವಾಗ ಅವಳು ನನ್ನ ಕಟ್ಟೆಗೆ ಬಂದು ಕೂರುತ್ತಾಳೆ. "ನೀವಾದ್ರೂ ಅಷ್ಟು ಕಷ್ಟಪಟ್ಟು ಬರದ್ರಿ ಟೀಚರಮ್ಮ. ಆ ಹಾಳಾದಂವ ಕಳದ." ನಾನು ಚಹಾ ಕೊಡುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ಇದನ್ನು ಬರೆಯುವಷ್ಟು ಧೈರ್ಯ ಬಂದಿರುವುದೂ ಅದಕ್ಕೇ.