ಮಡಿಯಲ್ಲಿದ್ದ ಅಪ್ಪ, ಮೆಟ್ಟಿಲ ಮೇಲಿದ್ದ ನಾಯಿ

ಗೆಳೆಯರೇ, ಇವತ್ತು ಬೆಳಿಗ್ಗೆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ದಂಡಿನ ಕ್ಯಾಂಪಿನಿಂದ ವಿಲಾಯತಿಗೆ ಹೊರಟಿದ್ದ ಸಾಹೇಬರೊಬ್ಬರ ಡ್ಯಾಶ್‌ಹಂಡ್ ನಾಯಿಯನ್ನು ಹೋದ ತಿಂಗಳು ಅಪ್ಪನೇ ಕೇಳಿ ತಂದರು. ಉದ್ದ ಬೆನ್ನು, ಮೋಟು ಕಾಲು. ಮೆಟ್ಟಿಲು ಹತ್ತಿ ಇಳಿದರೆ ಬೆನ್ನು ಹೋಗುತ್ತದೆ, ಎತ್ತಿಕೊಂಡೇ ಓಡಾಡಿಸಿ ಎಂದು ಸಾಹೇಬರು ಮೂರು ಸಲ ಹೇಳಿದ್ದರು. ನಾವಿರುವುದು ವಾಡೆಯ ಮಾಳಿಗೆಯಲ್ಲಿ. ಮೆಟ್ಟಿಲೋ ಏಣಿಯಂತೆ ಕಡಿದು.

ಇವತ್ತು ಅದು ತಾನೇ ಇಳಿಯಲು ಹೋಗಿ, ನಡುವೆ ಸಿಕ್ಕಿಕೊಂಡು ಕುಂಯ್‌ಗುಡುತ್ತಿತ್ತು. ನಾನು ಅಂಗಳದಲ್ಲಿ ನೀರು ತುಂಬುತ್ತಿದ್ದೆ. ಅಪ್ಪ ಅದರ ಹಿಂದೆಯೇ, ಮಡಿ ಪಂಚೆ ಉಟ್ಟು ನಿಂತಿದ್ದರು.

"ಅಪ್ಪಾ, ಎತ್ಕೋರಿ ಅದನ್ನ!"

"ಮಡಿಯೊಳಗ ಇದ್ದೀನಿ, ಕಣ್ಣ ಕಾಣಂಗಿಲ್ಲೇನು?"

"ಟಾಂಗಾದಾಗ ತೊಡಿ ಮ್ಯಾಲೆ ಕೂಡಿಸ್ಕೊಂಡು ಇಡೀ ಪೇಟಿಗೆ ತೋರಿಸ್ಕೋತ ತಂದ್ರಲ್ಲ, ಆಗ ಎಲ್ಲಿತ್ರೀ ಮಡಿ?"

"ಸಾಲಿ ಬಿಟ್ಟಾಂವ ನನಗ ಶಾಸ್ತ್ರ ಹೇಳ್ತೀಯೇನಲೇ?"

ಕೊಡ ಬಿಟ್ಟು ಓಡಿದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಕೊಟ್ಟು ಎತ್ತಿಕೊಂಡು ಬಂದೆ. ಪುಣ್ಯಕ್ಕೆ ಬೆನ್ನಿಗೆ ಏನೂ ಆಗಿಲ್ಲ.

"ಜಳಕಾ ಮಾಡದ ಊಟಕ್ಕ ಕೂಡಬ್ಯಾಡ" ಅಂದರು ಅಪ್ಪ.

ನಾನು ಜಳಕ ಮಾಡಲಿಲ್ಲ. ಅಂಗಳದ ಕಟ್ಟೆಯ ಮೇಲೆ ನಾಯಿಯ ಪಕ್ಕ ಕೂತು ಭಕ್ಕರಿ ತಿಂದೆ.

ಸಂಜೆ ಅಪ್ಪನ ಆಫೀಸಿನ ಗೆಳೆಯರು ಬಂದರು. ಅಪ್ಪ ಅದೇ ನಾಯಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಸಾಹೇಬರ ನಾಯಿ, ಭಾಳ ನಾಜೂಕರೀ" ಎನ್ನುತ್ತಿದ್ದರು. ಮಡಿ ಪಂಚೆ ಗಳದ ಮೇಲೆ ಒಣಗುತ್ತಿತ್ತು.